ಹದಿನಾಲ್ಕನೆಯ ಚೀಲದ ಚಿಪ್ಪುಗಳು

ಗುರುಸಿದ್ದ ಹೊಸಮನಿ ಮಾರ್ಚ್ ಹನ್ನೊಂದರ ಬೆಳಿಗ್ಗೆ, ಸ್ಟರ್ಲಿಂಗ್ ಹೈಟ್ಸಿನ ತನ್ನ ಕಾರ್ಖಾನೆಯ ಪಾರ್ಕಿಂಗ್ ಲಾಟಿನಲ್ಲಿ, ಕಾರಿನಿಂದ ಒಂದು ಕಾಲು ಹೊರಗಿಟ್ಟವನು ಹಾಗೆಯೇ ತೀರಿಕೊಂಡ. ಹೃದಯಾಘಾತ. ಐವತ್ತೊಂಬತ್ತು ವರ್ಷ. ನನಗೆ ಇಪ್ಪತ್ತೇಳು ವರ್ಷದ ಗೆಳೆಯ.

ಅವನ ಬಗ್ಗೆ ಒಳ್ಳೆಯ ಮಾತುಗಳನ್ನು ಈಗಾಗಲೇ ಬಹಳ ಜನ ಆಡಿದ್ದಾರೆ. ಅವೆಲ್ಲ ನಿಜ. ನಾನು ಬರೆಯಬೇಕಾಗಿರುವುದು ಅವನೇ ಆಡಿದ ಒಂದು ಮಾತಿನ ಬಗ್ಗೆ. ಸಾಯುವ ನಾಲ್ಕು ತಿಂಗಳ ಮೊದಲು ಕನ್ನಡ ಕೂಟದ ದೀಪಾವಳಿ ಊಟದಲ್ಲಿ, ನಲವತ್ತು ಜನರ ಎದುರಿಗೆ, ಪ್ರಸಾದ್ ಎಂಬ ಸಹೋದ್ಯೋಗಿಯ ಮೇಲೆ ಅವನು ಒಂದು ಆರೋಪ ಹೊರಿಸಿದ. ಪ್ರಸಾದ್ ವೀಸಾದ ಮೇಲಿರುವವನು, ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ವರ್ಷಗಳಿಂದ ಕಾಯುತ್ತಿರುವವನು. ಆ ಮಾತು ಯಾರ ಬಾಯಿಂದಲಾದರೂ ಸರ್ಕಾರದ ಕಿವಿಗೆ ಬಿದ್ದರೆ ಅವನ ಸಂಸಾರ ಹನ್ನೊಂದು ವರ್ಷ ಕಟ್ಟಿಕೊಂಡದ್ದನ್ನೆಲ್ಲ ಬಿಟ್ಟು ವಿಮಾನ ಹತ್ತಬೇಕಾಗಬಹುದು. ಆಡಿದವನು ಸತ್ತ. ಮಾತು ಉಳಿಯಿತು.

ಗುರುಸಿದ್ದ ಗುಳೇದಗುಡ್ಡದವನು. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದಿ, ಪುಣೆಯಲ್ಲಿ ಕೆಲವು ವರ್ಷ ದುಡಿದು, ಡೆಟ್ರಾಯಿಟಿಗೆ ಬಂದ. ಕಾರಿನ ಬಿಡಿಭಾಗಗಳ ಅಳತೆ ಪರೀಕ್ಷಿಸುವುದು ಅವನ ಕೆಲಸ. ಬೇರೆಯವರು ಮಾಡಿದ್ದನ್ನು ನಂಬದೆ ಇರುವುದಕ್ಕೇ ಕಂಪನಿ ಅವನಿಗೆ ಸಂಬಳ ಕೊಡುತ್ತಿತ್ತು. ಆ ಅಭ್ಯಾಸವನ್ನು ಅವನು ಸಂಜೆ ಮನೆಗೂ ತರುತ್ತಿದ್ದ. ಇಂಡಿಯನ್ ಅಂಗಡಿಯ ಇಪ್ಪತ್ತು ಪೌಂಡಿನ ಅಕ್ಕಿ ಚೀಲವನ್ನು ತೂಗದೆ ಡಬ್ಬಿಗೆ ಸುರಿಯುತ್ತಿರಲಿಲ್ಲ. ಮನೆಯ ಥರ್ಮೋಸ್ಟಾಟ್ ಅರವತ್ತೆಂಟು ಡಿಗ್ರಿ ತೋರಿಸಿದರೆ ಪಕ್ಕದಲ್ಲಿ ತನ್ನದೊಂದು ಥರ್ಮಾಮೀಟರ್ ನೇತುಹಾಕಿ, "ಇದು ಅರವತ್ತಾರೂವರಿ ಅಂತೈತಿ, ಇಬ್ಬರಾಗ ಒಬ್ಬ ಸುಳ್ಳ" ಎನ್ನುತ್ತಿದ್ದ. ಹೆಂಡತಿ ನೀಲಾಂಬಿಕಾ ಒಮ್ಮೆ ನನ್ನ ಹೆಂಡತಿಗೆ, "ಲಗ್ನದ ದಿನ ಅಯ್ಯನೋರ ಗಡಿಯಾರಾನೂ ಚೆಕ್ ಮಾಡಿದ್ರು ಇವರು" ಎಂದಿದ್ದರು.

ನಾನು ತುಮಕೂರಿನವನು, ಸಾಫ್ಟ್‌ವೇರಿನವನು. ತೊಂಬತ್ತೆಂಟರಲ್ಲಿ ಒಂದೇ ಅಪಾರ್ಟ್‌ಮೆಂಟಿನಲ್ಲಿ ಮೇಲೆ ಕೆಳಗೆ ಇದ್ದೆವು. ಮೊದಲ ಆರು ತಿಂಗಳು ಅವನು ನನ್ನನ್ನೂ ನಂಬಲಿಲ್ಲ. ಬಟ್ಟೆ ಒಗೆಯುವ ಕೋಣೆಯಲ್ಲಿ ಅವನ ಕಾಲುಚೀಲ ಒಂದು ಕಳೆದಾಗ ನನ್ನ ಕಾಲಿನ ಕಡೆಗೇ ನೋಡಿದ. ಆಮೇಲೆ ಏನಾಯಿತೋ, ಒಂದು ದಿನದಿಂದ ನಂಬಿದ. ಯಾಕೆ ಎಂದು ಕೇಳಿದರೆ ಹೇಳಲಿಲ್ಲ. ನಾನು ಕೆಲಸ ಬದಲಿಸಿ ಷಿಕಾಗೋ ಕಡೆಯ ಪ್ಲೇನ್‌ಫೀಲ್ಡಿಗೆ ಹೋದ ಮೇಲೂ ಮುನ್ನೂರು ಮೈಲಿ ನಮಗೆ ದೊಡ್ಡದಾಗಲಿಲ್ಲ. ನನ್ನ ಹೆಂಡತಿಗೆ ಆಪರೇಷನ್ ಆದಾಗ ಹಿಮ ಬೀಳುತ್ತಿದ್ದರೂ ಏಳು ಗಂಟೆ ಡ್ರೈವ್ ಮಾಡಿಕೊಂಡು ಬಂದ. ನರ್ಸ್ ಕೊಟ್ಟ ಮಾತ್ರೆಗಳ ಹೆಸರನ್ನು ಒಂದೊಂದಾಗಿ ಬರೆದುಕೊಂಡು ಮತ್ತೊಬ್ಬ ನರ್ಸನ್ನು ಕೇಳಿ ತಾಳೆ ನೋಡಿದ.

ಗುರಿ ಹೊಡೆಯುವ ಹವ್ಯಾಸ ಅವನಿಗೆ ಬಂದದ್ದು ನಾಗರಿಕತ್ವ ಸಿಕ್ಕಿದ ಮೇಲೆ, ಕಾರ್ಖಾನೆಯ ಗೆಳೆಯರಿಂದ. ಪಿಸ್ತೂಲು ಕೊಂಡ. ಅಂಗಡಿಯ ಗುಂಡುಗಳನ್ನು ತಂದು ತಕ್ಕಡಿಯಲ್ಲಿಟ್ಟ. ಒಂದರ ತೂಕ ಒಂದರಂತಿರಲಿಲ್ಲ. ಅಲ್ಲಿಗೆ ಅಂಗಡಿಯ ಗುಂಡಿನ ಮೇಲೆ ಅವನ ವಿಶ್ವಾಸ ಮುಗಿಯಿತು. ಬೇಸ್‌ಮೆಂಟಿನಲ್ಲಿ ಮೇಜು ಹಾಕಿಸಿ, ಹಿಡಿಕೆ ಎಳೆದು ಒತ್ತುವ ಯಂತ್ರವೊಂದನ್ನು ಕೂರಿಸಿ, ತನ್ನ ಗುಂಡನ್ನು ತಾನೇ ತುಂಬಿಕೊಳ್ಳತೊಡಗಿದ. ಇಲ್ಲಿ ಅನೇಕರು ಹಾಗೆ ಮಾಡುತ್ತಾರೆ. ಗುಂಡು ಹಾರಿದ ಮೇಲೆ ನೆಲಕ್ಕೆ ಬೀಳುವ ಹಿತ್ತಾಳೆಯ ಚಿಪ್ಪನ್ನು ಆಯ್ದು ತಂದು, ತೊಳೆದು, ಮತ್ತೆ ತುಂಬುವುದು.

ಈ ಚಿಪ್ಪಿನ ತಳದ ನಡುವೆ ಒಂದು ಗುಳಿ ಇರುತ್ತದೆ. ಅದರೊಳಗೆ ಕಿಡಿ ಹುಟ್ಟಿಸುವ ಪುಟ್ಟ ಬಟ್ಟಲೊಂದು ಕೂರುತ್ತದೆ. ಪ್ರೈಮರ್ ಎನ್ನುತ್ತಾರೆ. ಗುರುಸಿದ್ದನದು ಫಾರ್ಟಿಫೈವ್ ಅಳತೆಯ ಪಿಸ್ತೂಲು. ಆ ಅಳತೆಯ ಚಿಪ್ಪಿಗೆ ಮೊದಲಿನಿಂದಲೂ ದೊಡ್ಡ ಪ್ರೈಮರು. ಈಚಿನ ವರ್ಷಗಳಲ್ಲಿ ಅದೇ ಚಿಪ್ಪು, ಅದೇ ಉದ್ದ, ಅದೇ ದಪ್ಪ, ಆದರೆ ಚಿಕ್ಕ ಪ್ರೈಮರಿನ ಗುಳಿ ಇರುವಂಥದ್ದೂ ಬರುತ್ತಿದೆ. ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ. ತಳವನ್ನು ತಿರುಗಿಸಿ ನೋಡಿದರೆ ಕಣ್ಣಿಗೆ ಕಾಣುತ್ತದೆ. ನೋಡಬೇಕು, ಅಷ್ಟೆ. ಚಿಕ್ಕ ಗುಳಿಗೆ ದೊಡ್ಡ ಪ್ರೈಮರನ್ನು ಒತ್ತಿದರೆ ಸಾಮಾನ್ಯವಾಗಿ ಅದು ನಜ್ಜುಗುಜ್ಜಾಗಿ ಯಂತ್ರ ನಿಲ್ಲುತ್ತದೆ. ಎಂದಾದರೊಮ್ಮೆ ಸಿಡಿಯುತ್ತದೆ.

ಗುರುಸಿದ್ದ ವಾರಕ್ಕೊಮ್ಮೆ ಆಯ್ದ ಚಿಪ್ಪುಗಳನ್ನು ಒಂದೊಂದೂ ತಿರುಗಿಸಿ ನೋಡುತ್ತಿದ್ದ. ನಾನೂ ಅವನಿಂದ ಈ ಹವ್ಯಾಸ ಕಲಿತೆ. ಪ್ಲೇನ್‌ಫೀಲ್ಡಿನ ಹತ್ತಿರದ ಗುರಿ ಹೊಡೆಯುವ ರೇಂಜಿನಲ್ಲಿ ಆಯ್ದ ಚಿಪ್ಪುಗಳನ್ನು ನನ್ನ ಗರಾಜಿನಲ್ಲಿ ವಿಂಗಡಿಸಿ, ಐನೂರಕ್ಕೊಂದು ಚೀಲ ಕಟ್ಟಿ, ಹೋಗುವಾಗ ಅವನಿಗೆ ಒಯ್ಯುತ್ತಿದ್ದೆ. ಚೀಲಗಳಿಗೆ ಅವನು ಕಾರ್ಖಾನೆಯಂತೆಯೇ ನಂಬರು ಹಾಕುತ್ತಿದ್ದ. ಮೊದಲ ಸಲ ಕೊಟ್ಟಾಗ ನಾನೇ, "ನೋಡಪ್ಪ, ಒಂದ್ಸಲ ಸುರಿದು ಚೆಕ್ ಮಾಡ್ಕೋ" ಎಂದೆ.

"ನಿನ್ನ ಚೀಲ ನಾ ನೋಡೂದಿಲ್ಲ."

"ಹೆಂಡ್ತಿ ಹಾಕಿದ ಉಪ್ಪನ್ನೇ ನಂಬಲ್ಲ ನೀನು."

"ಉಪ್ಪು ಬ್ಯಾರೆ, ನೀ ಬ್ಯಾರೆ. ಇಡಲೇ ಶಶ್ಯಾ ಅಲ್ಲಿ."

ಕಳೆದ ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ ಹದಿನಾಲ್ಕನೆಯ ಚೀಲ ತೆರೆದಿತ್ತು. ನಾನಿರಲಿಲ್ಲ. ಪ್ರಸಾದ್ ಇದ್ದ. ಹಾಸನದ ಕಡೆಯವನು, ನಲವತ್ತರ ಆಸುಪಾಸು, ಗುರುಸಿದ್ದನ ಕಾರ್ಖಾನೆಯಲ್ಲೇ ಬಿಡಿಭಾಗ ತಯಾರಿಸುವ ಒಂದು ಲೈನ್ ನೋಡಿಕೊಳ್ಳುತ್ತಿದ್ದ. ಬೇಸ್‌ಮೆಂಟಿಗೆ ಬಂದು ಹರಟೆ ಹೊಡೆಯುತ್ತಿದ್ದ, ಆದರೆ ಏನನ್ನೂ ಮುಟ್ಟುತ್ತಿರಲಿಲ್ಲ. ವೀಸಾದ ಮೇಲಿರುವವನು ಬಂದೂಕಿರಲಿ, ಖಾಲಿ ಚಿಪ್ಪನ್ನೂ ಕೈಯಲ್ಲಿ ಹಿಡಿಯಬೇಡ ಎಂದು ಅವನ ವಕೀಲರು ಹೇಳಿದ್ದರಂತೆ. ಅದಕ್ಕೇ ಎರಡು ಕೈಯನ್ನೂ ಜಾಕೆಟ್ಟಿನ ಜೇಬಿನಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದ. "ಮ್ಯೂಸಿಯಮ್ಮಿಗೆ ಬಂದಂಗ ಬರ್ತಾನಲೇ ಇಂವ" ಎಂದು ಗುರುಸಿದ್ದ ತಮಾಷೆ ಮಾಡುತ್ತಿದ್ದ.

ಆ ಮಧ್ಯಾಹ್ನ ಪ್ರೈಮರ್ ಸಿಡಿಯಿತು. ಗುರುಸಿದ್ದ ಕನ್ನಡಕ ಹಾಕಿದ್ದುದರಿಂದ ಕಣ್ಣು ಉಳಿಯಿತು. ಹುಬ್ಬಿನ ಮೇಲೆ ಮೂರು ಹೊಲಿಗೆ, ಹೆಬ್ಬೆರಳು ಸುಟ್ಟಿತು. ಅವನನ್ನು ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ ಕರೆದುಕೊಂಡು ಹೋದದ್ದು ಪ್ರಸಾದನೇ. ಮನೆಗೆ ಬಂದ ಗುರುಸಿದ್ದ ಯಂತ್ರದಲ್ಲಿ ಸಿಕ್ಕಿಕೊಂಡಿದ್ದ ಚಿಪ್ಪನ್ನು ತೆಗೆದು ನೋಡಿದ. ಚಿಕ್ಕ ಗುಳಿ. ನಾನು ಕಟ್ಟಿದ ಚೀಲದಲ್ಲಿ ಚಿಕ್ಕದು ಇರಲು ಸಾಧ್ಯವಿಲ್ಲ ಎಂದು ಅವನ ಲೆಕ್ಕ. ಹಾಗಾದರೆ ಯಾರೋ ಹಾಕಿದ್ದಾರೆ. ಆ ಕೋಣೆಗೆ ಬಂದವನು ಒಬ್ಬನೇ.

ಅವನು ಮೊದಲು ಫೋನ್ ಮಾಡಿದ್ದು ನನಗೆ.

"ಎರಡು ವಾರದ ಹಿಂದ ಅವನ ಲೈನಿಂದ ಬಂದ ನಾಲ್ಕು ಸಾವಿರ ಬ್ರಾಕೆಟ್ ನಾ ರಿಜೆಕ್ಟ್ ಮಾಡಿದ್ನೆಲೇ. ಮೀಟಿಂಗಿನ್ಯಾಗ ಮಾರಿ ಕೆಂಪಗ ಮಾಡಿಕೊಂಡಿದ್ದ. ಈಗ ನನ್ನ ಚೀಲದಾಗ ಸಣ್ಣದು. ನೀ ಹೇಳು."

ನಾನು ಏನು ಹೇಳಬೇಕಿತ್ತು? ನೋಡಿಲ್ಲದೆ ಮಾತಾಡಬೇಡ ಎನ್ನಬೇಕಿತ್ತು. ಅದರ ಬದಲು, ಪ್ರಸಾದ್ ಯಾವಾಗಲೂ ಜೇಬಿನಲ್ಲಿ ಕೈ ಇಟ್ಟುಕೊಂಡೇ ಇರುತ್ತಾನಲ್ಲ, ಆ ಜೇಬಿನಲ್ಲಿ ಏನಾದರೂ ಇದ್ದಿರಬಹುದಲ್ಲ ಎಂದು ನನಗೇ ಹೊಳೆದು, ಹೊಳೆದದ್ದನ್ನು ಹೇಳಿಯೂಬಿಟ್ಟೆ. "ಇರಬಹುದು ಕಣೋ" ಎಂದೆ. ಗೆಳೆಯನ ಸಂದೇಹಕ್ಕೆ ನಾನು ಕೊಟ್ಟ ಸಾಕ್ಷಿ ಅದು.

ನವೆಂಬರಿನ ಮೊದಲ ವಾರ ಕೂಟದ ದೀಪಾವಳಿ ಊಟ. ಹೋಳಿಗೆಯ ಸಾಲಿನಲ್ಲಿ ಪ್ರಸಾದ್ ನಗುತ್ತಾ, "ಸರ್, ಹುಬ್ಬು ಹೇಗಿದೆ? ಸ್ಟೈಲಾಗಿ ಕಾಣ್ತಿದೆ" ಎಂದ. ನಾನು ಗುರುಸಿದ್ದನ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದೆ.

"ನಿನಗ ಗೊತ್ತಿರಬೇಕಲ್ಲಪಾ ಹೆಂಗೈತಿ ಅಂತ. ಮಾಡಿದಾಂವ ನೀನ."

"ಏನ್ ಸರ್?"

"ನನ್ನ ಚೀಲದಾಗ ಕೈ ಹಾಕಿ ಸಣ್ಣ ಚಿಪ್ಪು ಬೆರಸಿದಿ. ಬ್ರಾಕೆಟ್ಟಿನ ಸಿಟ್ಟು. ಕಣ್ಣು ಹೋಗಿದ್ರ ನಿನಗ ಸಮಾಧಾನ ಆಗ್ತಿತ್ತೇನು?"

ಸಾಲು ನಿಂತಿತು. ಪ್ರಸಾದ್ ನಿಧಾನವಾಗಿ ಸುತ್ತ ನೋಡಿದ. ಅವನು ಗುರುಸಿದ್ದನನ್ನು ನೋಡುತ್ತಿರಲಿಲ್ಲ. ಯಾರು ಯಾರು ಕೇಳಿಸಿಕೊಂಡರು ಎಂದು ನೋಡುತ್ತಿದ್ದ. "ಸರ್, ನಾನು ಅದನ್ನ ಮುಟ್ಟೇ ಇಲ್ಲ. ಮುಟ್ಟಿದೆ ಅಂತ ಹೇಳ್ಬೇಡಿ ಸರ್. ಬೇಕಾದ್ರೆ ಬೈರಿ, ಅದೊಂದು ಮಾತು ಬೇಡ" ಎಂದ. ಅವನ ಹೆಂಡತಿ ಲತಾಶ್ರೀ ತಟ್ಟೆಯನ್ನು ಮೇಜಿನ ಮೇಲಿಟ್ಟು ಅವನ ತೋಳು ಹಿಡಿದಳು. ಇಬ್ಬರೂ ಹೊರಟುಹೋದರು. ಆಮೇಲೆ ಕೂಟಕ್ಕೆ ಬರಲಿಲ್ಲ. ಕೂಟದವರೂ ಕರೆಯಲಿಲ್ಲ. ಗುಂಡು ಮದ್ದಿನ ವಿಷಯ, ವೀಸಾದವನು, ನಮಗೆ ಯಾಕೆ ಎಂದುಕೊಂಡರು. ಒಬ್ಬರಂತೂ ತಮ್ಮ ಮನೆಯ ಗೃಹಪ್ರವೇಶದ ಫೋಟೋಗಳಿಂದ ಅವನಿದ್ದ ಚಿತ್ರ ತೆಗೆದುಹಾಕಿದರು ಎಂದು ಆಮೇಲೆ ತಿಳಿಯಿತು.

ನವೆಂಬರಿನ ಕೊನೆಗೆ ಒಂದು ಭಾನುವಾರ ಗುರುಸಿದ್ದ ಫೋನಿನಲ್ಲಿ ನನ್ನ ಮೊಣಕಾಲು ನೋವಿನ ಬಗ್ಗೆ ಕೇಳುತ್ತಾ ನಡುವೆ, "ಅಲ್ಲಲೇ, ನೀ ಚಿಪ್ಪು ಹೆಂಗ ವಿಂಗಡಸ್ತಿ?" ಎಂದ.

"ತಳದಲ್ಲಿ ಕಂಪನಿ ಅಕ್ಷರ ಇರುತ್ತಲ್ಲ, ಅದರ ಪ್ರಕಾರ ಗುಡ್ಡೆ ಮಾಡ್ತೀನಿ. ಒಂದೊಂದು ಗುಡ್ಡೇಲಿ ಹತ್ತು ನೋಡ್ತೀನಿ, ದೊಡ್ಡದಾದ್ರೆ ಇಡೀ ಗುಡ್ಡೆ ದೊಡ್ಡದು. ಯಾಕೆ?"

"ಸುಮ್ಮನ ಕೇಳಿದೆ." ಆಮೇಲೆ, "ಮೊಣಕಾಲಿಗೆ ಬಿಸಿನೀರು ಬ್ಯಾಡ, ಐಸ್ ಇಡು" ಎಂದ.

ಅದಾದ ಮೇಲೆ ಪ್ರಸಾದನ ಹೆಸರು ಅವನ ಬಾಯಿಂದ ಬರಲಿಲ್ಲ. ನಾನೇ ಎತ್ತಿದರೆ ಮಾತು ಬದಲಿಸುತ್ತಿದ್ದ. ಸಿಟ್ಟು ಆಳಕ್ಕೆ ಇಳಿದಿದೆ ಎಂದುಕೊಂಡೆ.

ಮಾರ್ಚಿನಲ್ಲಿ ಅವನ ಅಂತ್ಯಕ್ರಿಯೆಗೆ ನೂರಕ್ಕೂ ಹೆಚ್ಚು ಜನ ಬಂದಿದ್ದರು. ಪ್ರಸಾದನೂ ಬಂದಿದ್ದ, ಒಳಗೆ ಬರಲಿಲ್ಲ. ರಸ್ತೆಯ ಆಚೆ ಕಾರಿನ ಪಕ್ಕ ತಲೆಯ ಮೇಲೆ ಟೋಪಿಯಿಲ್ಲದೆ ಚಳಿಯಲ್ಲಿ ನಿಂತಿದ್ದ. ಮೊನ್ನೆಯವರೆಗೂ ನಾನು ಅದನ್ನೂ ಅನುಮಾನದಿಂದಲೇ ನೋಡಿದ್ದೆ. ತಪ್ಪು ಮಾಡದವನು ಇಷ್ಟು ದೂರ ಯಾಕೆ ನಿಲ್ಲುತ್ತಾನೆ ಎಂದು.

ಅವನು ಹೋದ ಮೂರನೆಯ ವಾರ ನೀಲಾಂಬಿಕಾ ನನ್ನನ್ನು ಕರೆಸಿದರು. ಬೇಸ್‌ಮೆಂಟ್ ಖಾಲಿ ಮಾಡಬೇಕಿತ್ತು. ಪಿಸ್ತೂಲನ್ನೂ ಮದ್ದನ್ನೂ ಅವನ ಕಾರ್ಖಾನೆಯ ಗೆಳೆಯನೊಬ್ಬ ಕಾನೂನುಬದ್ಧವಾಗಿ ತೆಗೆದುಕೊಂಡಿದ್ದ. ಉಳಿದದ್ದು ಯಂತ್ರ, ಚೀಲಗಳು, ಪುಸ್ತಕಗಳು. ಕಾಲೇಜಿನಿಂದ ಬಂದಿದ್ದ ಮಗಳು ಮೇಧಾ ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದಳು. ಕೆಳಗೆ ಇಳಿಯಲಿಲ್ಲ.

ಹದಿನಾಲ್ಕನೆಯ ಚೀಲ ಎರಡಾಗಿತ್ತು. ಒಂದು ದೊಡ್ಡದು, ಇನ್ನೊಂದು ಅಂಗೈಯಲ್ಲಿ ಹಿಡಿಯುವಷ್ಟು. ಸಣ್ಣದನ್ನು ಮೇಜಿನ ಮೇಲೆ ಸುರಿದೆ. ಹದಿನೇಳು ಚಿಪ್ಪುಗಳು. ಎಲ್ಲದರ ತಳದಲ್ಲೂ ಒಂದೇ ಕಂಪನಿಯ ಅಕ್ಷರ, ಎಲ್ಲದರಲ್ಲೂ ಚಿಕ್ಕ ಗುಳಿ. ದೊಡ್ಡ ಚೀಲದಿಂದ ಒಂದು ಹಿಡಿ ತೆಗೆದೆ. ಅದೇ ಅಕ್ಷರ, ದೊಡ್ಡ ಗುಳಿ. ಒಂದೇ ಕಂಪನಿ ಎರಡನ್ನೂ ಮಾಡುತ್ತಿತ್ತು. ನಾನು ಹತ್ತು ನೋಡಿ ಐನೂರನ್ನು ನಂಬಿದ್ದೆ. ಚೀಲದ ಕೊರಳಿಗೆ ಅಂಟಿಸಿದ ಟೇಪಿನ ಮೇಲೆ ನನ್ನದೇ ಅಕ್ಷರದಲ್ಲಿ ತಾರೀಕು ಇತ್ತು.

ಅವನ ಸ್ಟೂಲಿನ ಮೇಲೆ ಕುಳಿತೆ. ಆಗ ಪುಸ್ತಕ ಕಂಡಿತು. ಕಾರ್ಖಾನೆಯಲ್ಲಿ ದೋಷ ಕಂಡಾಗ ಬರೆಯುವ ವರದಿಯ ನಮೂನೆಯನ್ನೇ ಅವನು ಮನೆಗೂ ಅಚ್ಚು ಹಾಕಿಸಿಕೊಂಡಿದ್ದ. ನವೆಂಬರ್ ಇಪ್ಪತ್ತನಾಲ್ಕು, ನಾನು ಫೋನಿನಲ್ಲಿ ಗುಡ್ಡೆಗಳ ಕಥೆ ಹೇಳಿದ ಮರುದಿನ. ಮೂಲ ಕಾರಣ ಎಂಬ ಕಡೆ ಎರಡು ಸಾಲು: "ಶಶಿ ಅಕ್ಷರ ನೋಡಿದ, ಗುಳಿ ನೋಡಲಿಲ್ಲ. ನಾನು ಚೀಲ ನೋಡಲಿಲ್ಲ. ಎಳೆಯುವಾಗ ಬಿಗಿ ಅನ್ನಿಸಿದರೂ ಒತ್ತಿದೆ." ಅದರ ಕೆಳಗೆ: "ಪ್ರಸಾದ್ ಅಲ್ಲ." ಸರಿಪಡಿಸುವ ಕ್ರಮ ಎಂಬ ಕಡೆ ಏನೂ ಬರೆದಿರಲಿಲ್ಲ.

ಮೂರೂವರೆ ತಿಂಗಳು ಅವನಿಗೆ ಗೊತ್ತಿತ್ತು. ಅದೇ ಕಾರ್ಖಾನೆಯ ಅದೇ ಕ್ಯಾಂಟೀನಿನಲ್ಲಿ ದಿನವೂ ಪ್ರಸಾದನನ್ನು ನೋಡುತ್ತಾ ಸುಮ್ಮನಿದ್ದ. ನನ್ನನ್ನು ಉಳಿಸಲು ಸುಮ್ಮನಿದ್ದನೋ, ತನ್ನ ಮಾತು ಉಳಿಸಿಕೊಳ್ಳಲು ಸುಮ್ಮನಿದ್ದನೋ ನನಗೆ ತಿಳಿಯದು. ಮೊದಲನೆಯದೆಂದು ನಂಬಲು ಆಸೆ. ಆ ಆಸೆ ಇರುವುದರಿಂದಲೇ ಅದನ್ನು ನಂಬಲಾಗುತ್ತಿಲ್ಲ.

ಪುಸ್ತಕ ಹಿಡಿದು ಮೇಲೆ ಹೋದೆ. ನೀಲಾಂಬಿಕಾ ಆ ಹಾಳೆ ನೋಡಿದರು. ಓದಲು ಬೇಕಾಗುವಷ್ಟು ಹೊತ್ತು ನೋಡಲಿಲ್ಲ. ಮೊದಲೇ ಓದಿದ್ದರು ಎಂದು ನನಗನ್ನಿಸಿತು.

"ಶಶಿಧರ ಅವರ, ಇದನ್ನ ಇಲ್ಲೇ ಬಿಡ್ರಿ. ಹೋದವರ ಮಾತು ಸುಳ್ಳು ಮಾಡಬ್ಯಾಡ್ರಿ."

"ಪ್ರಸಾದ್ ಇನ್ನೂ ಇದಾನೆ ಅಕ್ಕ."

"ನೀವು ಹೇಳಿದ್ರ ಏನಂತಾರ ಜನ? ಸತ್ತಾಂವ ಎದ್ದು ಬಂದು ಕೇಳೂದಿಲ್ಲಂತ ಎಲ್ಲಾ ಅವನ ತಲಿಗೆ ಕಟ್ಟಿದ ಅಂತಾರ."

"ಅವನ ತಲೆಗೆ ಯಾಕೆ? ಚೀಲ ಕಟ್ಟಿದ್ದು ನಾನು."

"ಅಮ್ಮಾ, ಜಸ್ಟ್ ಲೆಟ್ ಹಿಮ್" ಎಂದಳು ಮೇಧಾ, ಬಾಗಿಲಲ್ಲಿ ನಿಂತು. ತಾಯಿ ಮಗಳ ಕಡೆ ತಿರುಗಲಿಲ್ಲ.

ಪ್ರಸಾದನ ಅಪಾರ್ಟ್‌ಮೆಂಟ್ ಹದಿನೈದನೇ ಮೈಲ್ ರಸ್ತೆಯ ಪಕ್ಕ. ಬಾಗಿಲು ತೆರೆದ ಲತಾಶ್ರೀ ಒಳಗೆ ಬನ್ನಿ ಎನ್ನಲಿಲ್ಲ. ಪ್ರಸಾದ್ ಬಂದು ಅವಳ ಹಿಂದೆ ನಿಂತ. ನಿಂತಲ್ಲೇ ಎಲ್ಲ ಹೇಳಿದೆ. ಹೊರಡುವ ಮೊದಲು ತೆಗೆದುಕೊಂಡಿದ್ದ ಹಾಳೆಯ ಫೋಟೋವನ್ನು ಫೋನಿನಲ್ಲಿ ತೋರಿಸಿದೆ. ಅವನು ಫೋನನ್ನು ಕೈಗೆ ತೆಗೆದುಕೊಳ್ಳಲಿಲ್ಲ, ಬಗ್ಗಿ ಓದಿದ.

"ಈಗ ಯಾಕೆ ಹೇಳ್ತಿದ್ದೀರಿ ಅಂಕಲ್?" ಎಂದಳು ಲತಾಶ್ರೀ. "ಏನಾದ್ರೂ ಆಗಿದ್ಯಾ? ಯಾರಾದ್ರೂ ಬಂದು ವಿಚಾರಿಸಿದ್ರಾ?"

"ಇಲ್ಲಮ್ಮ. ಇವತ್ತೇ ಗೊತ್ತಾಗಿದ್ದು."

"ಅವತ್ತು ಪಕ್ಕದಲ್ಲೇ ನಿಂತಿದ್ರಿ. ಹೋಳಿಗೆ ತಿಂತಿದ್ರಿ."

ನಿಜ. ತಿನ್ನುತ್ತಿದ್ದೆ.

ಪ್ರಸಾದ್ ಫೋನಿನಿಂದ ತಲೆಯೆತ್ತಿದ. "ಸರ್, ನನ್ನ ಹತ್ರ ಹೇಳಿ ಏನುಪಯೋಗ? ನಾನು ಮುಟ್ಟಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಯಾರ ಮುಂದೆ ಅಂದ್ರೋ ಅವರ ಮುಂದೆ ಹೇಳಿ. ಆಮೇಲೆ ಬರೆದುಕೊಡಿ. ಬಾಯಿಮಾತು ಸಾಕಾಗಿದೆ ನನಗೆ."

ಮರುವಾರ, ದೀಪಾವಳಿ ಊಟ ನಡೆದಿದ್ದ ಅದೇ ಸಭಾಂಗಣದಲ್ಲಿ ಗುರುಸಿದ್ದನ ಹೆಸರಿನಲ್ಲಿ ಗಣಾರಾಧನೆ ಇಟ್ಟಿದ್ದರು. ವಚನಗಳಾದ ಮೇಲೆ ನೆನಪು ಹೇಳಲು ಒಬ್ಬೊಬ್ಬರೇ ಎದ್ದರು. ನನ್ನ ಸರದಿ ಬಂತು. ಅಕ್ಕಿ ಚೀಲದ ಕಥೆ ಹೇಳಿದೆ, ಜನ ನಕ್ಕರು. ಆಮೇಲೆ ಚಿಪ್ಪಿನ ಕಥೆ ಹೇಳಿದೆ. ಚೀಲ ಕಟ್ಟಿದವನು ನಾನು, ನೋಡದೆ ಕಟ್ಟಿದೆ, ಗುರುಸಿದ್ದ ನನ್ನನ್ನು ನಂಬಿ ತೆರೆದ. ಪ್ರಸಾದ್ ಏನನ್ನೂ ಮುಟ್ಟಿರಲಿಲ್ಲ. ಗುರುಸಿದ್ದ ಇದನ್ನು ನವೆಂಬರಿನಲ್ಲೇ ಕಂಡುಹಿಡಿದು ತನ್ನ ಕೈಯಾರೆ ಬರೆದಿಟ್ಟಿದ್ದಾನೆ. ಹೇಳಲಿಲ್ಲ. ಇಷ್ಟನ್ನೇ ಹೇಳಿದೆ. ಯಾಕೆ ಹೇಳಲಿಲ್ಲ ಎಂಬುದಕ್ಕೆ ನನ್ನ ಊಹೆ ಸೇರಿಸಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, "ಇವತ್ತೇ ಬೇಕಿತ್ತೇನ್ರಿ ಇದು?" ಎಂದು ಎಲ್ಲರಿಗೂ ಕೇಳಿಸುವಂತೆಯೇ ಅಂದರು. ಹಿಂದಿನಿಂದ ಯಾರೋ, "ಅವತ್ತು ಅಂದಿದ್ದು ಹಬ್ಬದ ದಿನ ತಾನೆ" ಎಂದರು. ಯಾರೆಂದು ಕಾಣಲಿಲ್ಲ.

ಪ್ರಸಾದ್ ಬಾಗಿಲ ಬಳಿಯ ಕುರ್ಚಿಯಲ್ಲಿದ್ದ, ಪಕ್ಕದಲ್ಲಿ ಲತಾಶ್ರೀ. ನಾನು ವೇದಿಕೆಯಿಂದ ಇಳಿದಾಗ ನನ್ನ ಬಳಿಗೆ ಬಂದು ಒಂದು ಹಾಳೆ ಮುಂದಿಟ್ಟ. ಅವನ ವಕೀಲರೇ ಬರೆದದ್ದು, ಇಂಗ್ಲಿಷಿನಲ್ಲಿ, ಆರು ಸಾಲು. ನಾನು ಸಹಿ ಹಾಕಿದೆ. ಅವನು ನನ್ನ ಸಹಿ ನೋಡಿದ, ತಾರೀಕು ನೋಡಿದ, ನನ್ನ ಡ್ರೈವಿಂಗ್ ಲೈಸೆನ್ಸ್ ಕೇಳಿ ಹೆಸರಿನ ಸ್ಪೆಲ್ಲಿಂಗ್ ತಾಳೆ ನೋಡಿದ. ನನಗೆ ಬೇಸರವಾಗಲಿಲ್ಲ.

"ಸಾಕ್ಷಿ ಸಹಿ ಒಂದು ಬೇಕು ಸರ್" ಎಂದ.

ಸುತ್ತ ನಿಂತವರು ಊಟದ ಸಾಲಿನ ಕಡೆ ನೋಡಿದರು. ಕೂಟದ ಅಧ್ಯಕ್ಷರು ತಮ್ಮ ಕನ್ನಡಕ ಕಾರಿನಲ್ಲಿದೆ ಎಂದರು. ಆಗ ನೀಲಾಂಬಿಕಾ ಎದ್ದು ಬಂದರು. ಹಾಳೆಯನ್ನು ಕೈಗೆ ತೆಗೆದುಕೊಂಡು ಕೊನೆಯವರೆಗೂ ಓದಿದರು. ಗಂಡನ ಹೆಸರು ಎಲ್ಲಿ ಬಂದಿದೆಯೋ ಅಲ್ಲಿ ಒಂದು ಸಲ ನಿಂತರು. ನನ್ನ ಕಡೆ ನೋಡಲೇ ಇಲ್ಲ.

"ಎಲ್ಲಿ ಮಾಡ್ಬೇಕಪಾ?" ಎಂದು ಪ್ರಸಾದನನ್ನು ಕೇಳಿದರು.

ಅವನು ಗೆರೆ ತೋರಿಸಿದ. ಅವರು ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಪ್ರಸಾದ್ ಶಾಯಿ ಒಣಗುವವರೆಗೆ ಹಾಳೆಯನ್ನು ಹಾಗೆಯೇ ಹಿಡಿದಿದ್ದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕಾರಿನಲ್ಲಿಟ್ಟು ಬರುತ್ತೇನೆಂದು ಹೋದ. ಲತಾಶ್ರೀ ಅವನು ಬರುವವರೆಗೆ ಊಟಕ್ಕೆ ಕೂರಲಿಲ್ಲ.